ಏಳು ತಿಂಗಳ ನಂತರ ಕುಡಿಯದೇ ಉಳಿಯುವುದು

ಹೊಸದಾರಿ | ಸೋಮವಾರ, ರಾತ್ರಿ 9.40

ನಾನು ಕುಡಿತ ಬಿಟ್ಟು ಇಂದಿಗೆ 7 ತಿಂಗಳು 12 ದಿನಗಳಾದವು. ಇಷ್ಟು ಕಾಲ ಕುಡಿಯದೇ ಇದ್ದವನು ಈಗ ಬಂದು ಸಹಾಯ ಕೇಳುವುದು ವಿಚಿತ್ರವೆನಿಸಬಹುದು. ಆದರೆ ಮೊದಲ ಮೂರು ತಿಂಗಳಲ್ಲಿ ಕಾಡದಿದ್ದ ಭಯ ಈ ಎರಡು ವಾರಗಳಿಂದ ನನ್ನನ್ನು ಕಾಡುತ್ತಿದೆ.

ಆರಂಭದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಗಳು ಬೇಕಾದಷ್ಟಿದ್ದವು. ಆಸ್ಪತ್ರೆಯ ಹಾಸಿಗೆಯ ಮೇಲೆ, ನಡುಗುವ ಕೈಯಿಂದ ನೀರಿನ ಲೋಟವನ್ನು ಬಾಯಿಯವರೆಗೆ ತರಲಾಗದೆ, ಕೊನೆಗೆ ಹೆಂಡತಿಯೇ ಕುಡಿಸಬೇಕಾಗಿ ಬಂದ ಬೆಳಗು ಸದಾ ಕಣ್ಣೆದುರಿಗೇ ಇತ್ತು. ಪ್ರತಿ ರಕ್ತಪರೀಕ್ಷೆಯಲ್ಲೂ ಲಿವರಿನ ಅಂಕಿಗಳು ಇಳಿಯುತ್ತಿದ್ದವು, ಮುಖದ ಊತ ಹೋಯಿತು, ಸಿಕ್ಕವರೆಲ್ಲ "ಎಷ್ಟು ಚೆನ್ನಾಗಿ ಕಾಣಿಸುತ್ತಿದ್ದೀರಿ" ಎನ್ನುತ್ತಿದ್ದರು. ಈಗ ವರದಿ ಸರಿಯಾಗಿದೆ, ಇಳಿಯಲು ಅಂಕಿಗಳೇ ಉಳಿದಿಲ್ಲ. ನಾನು ಕುಡಿಯದಿರುವುದು ಎಲ್ಲರಿಗೂ ಮಾಮೂಲಿಯಾಗಿದೆ. ಯಾರೂ ಏನೂ ಹೇಳುವುದಿಲ್ಲ. ಬೇಸರವೂ ಅಲ್ಲದ, ದುಃಖವೂ ಅಲ್ಲದ ಒಂದು ಸಪ್ಪೆತನ ದಿನವಿಡೀ ಇರುತ್ತದೆ, ಸಂಜೆ 7 ಗಂಟೆಯ ಹೊತ್ತಿಗೆ ಅದು ಇನ್ನಷ್ಟು ಭಾರವಾಗುತ್ತದೆ.

ಕಳೆದ ಗುರುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಲೋಟ ನೀರು ತೆಗೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ, ಅದು ಹಿಂದೆ ನಾನು ಕುಡಿಯಲು ಬಳಸುತ್ತಿದ್ದ ಲೋಟವೇ ಆಗಿತ್ತು, ಅದೇ ಕುರ್ಚಿ, ಮತ್ತು ನನ್ನ ಹೆಬ್ಬೆರಳು ಹಿಂದಿನ ಹಾಗೆಯೇ ಲೋಟದ ಅಂಚಿನ ಮೇಲೆ ನಿಧಾನವಾಗಿ ಸುತ್ತುತ್ತಿತ್ತು. ಅದೇ ಸಮಯದಲ್ಲಿ ಮನಸ್ಸಿನಲ್ಲಿ ಒಂದು ಮಾತು ಬಹಳ ಶಾಂತವಾಗಿ, ನ್ಯಾಯವಾದ ಮಾತೆಂಬಂತೆ ಬಂದಿತು: ಏಳು ತಿಂಗಳು ಬಿಟ್ಟಿರಬಲ್ಲವನು ನಿಜವಾಗಿ ಚಟಕ್ಕೆ ಬಿದ್ದವನೇ ಅಲ್ಲವೇನೋ.

ಕುಡಿಯಲಿಲ್ಲ. ಆದರೆ ಮೊದಲಿದ್ದ ಉತ್ಸಾಹ ಮತ್ತೆ ಹುಟ್ಟುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ. ಈ ಹಂತ ದಾಟಿದವರು ದಯವಿಟ್ಟು ಬರೆಯಿರಿ.

ಸಂಜೆಗಾಳಿ | ಸೋಮವಾರ, ರಾತ್ರಿ 10.15

ಉತ್ತರ ನನ್ನಲ್ಲಿಲ್ಲ, ಏಕೆಂದರೆ ನನಗೆ ಈಗ ತಾನೇ 6 ತಿಂಗಳು ತುಂಬಿದೆ. ಆದರೆ ನೀವು ಬರೆದ ಸಪ್ಪೆತನ ನನಗೂ ಇದೆ. ಅದು ನನ್ನ ಸ್ವಭಾವದ ದೋಷ, ಕೃತಜ್ಞತೆ ಇಲ್ಲದವನ ಲಕ್ಷಣ ಎಂದುಕೊಂಡು ಯಾರಿಗೂ ಹೇಳದೆ ಕುಳಿತಿದ್ದೆ. ಹಿರಿಯರ ಮಾತಿಗಾಗಿ ನಾನೂ ಕಾಯುತ್ತೇನೆ.

ಹಳೆಯಮರ | ಮಂಗಳವಾರ, ಬೆಳಿಗ್ಗೆ 6.05

ಹೊಸದಾರಿಯವರೇ, ನನಗಿದು ಹನ್ನೊಂದನೆಯ ವರ್ಷ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಬರಹದ ಒಂದು ಸಾಲು ಓದಿ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲೋಟ ಮತ್ತು ಕುರ್ಚಿ ಹಳೆಯ ಅಭ್ಯಾಸಗಳು. ಲೋಟವನ್ನು ಮನೆಯಿಂದ ಹೊರಗೆ ಹಾಕಿ, ಕುರ್ಚಿಯ ಜಾಗ ಬದಲಾಯಿಸಿ, ಅಷ್ಟು ಸಾಕು. "ಚಟಕ್ಕೆ ಬಿದ್ದವನೇ ಅಲ್ಲವೇನೋ" ಎಂಬ ಆ ಮಾತನ್ನು ಮಾತ್ರ ಹಗುರವಾಗಿ ಬಿಡಬೇಡಿ.

ನಾನು ಮೊದಲ ಸಲ ಬಿಟ್ಟಾಗ ಒಂಬತ್ತನೆಯ ತಿಂಗಳಿನಲ್ಲಿ ಇದೇ ಮಾತು, ಇದೇ ಶಾಂತ ದನಿಯಲ್ಲಿ ನನಗೂ ಕೇಳಿಸಿತ್ತು. ನಾನು ಅದನ್ನು ಪರೀಕ್ಷಿಸಲು ಹೊರಟೆ. ಒಂದು ರಾತ್ರಿ ಒಂದೇ ಪೆಗ್ ಕುಡಿದು ಎದ್ದು ಬಂದೆ, ಮತ್ತು ಏನೂ ಆಗಲಿಲ್ಲ. ಹಾಳಾಗಿದ್ದು ಅಲ್ಲಿಯೇ. ಅಂದೇ ಎಡವಿ ಬಿದ್ದಿದ್ದರೆ ಎಚ್ಚೆತ್ತುಕೊಳ್ಳುತ್ತಿದ್ದೆನೇನೋ. ಏನೂ ಆಗದಿದ್ದರಿಂದ ಮುಂದಿನ ವಾರ ಎರಡು ದಿನ, ಅದರ ಮುಂದಿನ ವಾರ ದಿನವೂ ಕುಡಿದು, ತಿಂಗಳು ತುಂಬುವುದರೊಳಗೆ ಹಳೆಯ ಅಳತೆಗೆ ಮರಳಿದ್ದೆ. ಮತ್ತೆ ನಿಲ್ಲಿಸಲು ಹೋದಾಗ ಮೊದಲ ಸಲ ಬರೀ ಕೈನಡುಕ ಬಂದಿದ್ದ ನನಗೆ ಈ ಸಲ ಫಿಟ್ಸ್ ಬಂದಿತು. ವೈದ್ಯರು ಇದಕ್ಕೆ ಕಿಂಡ್ಲಿಂಗ್ ಎನ್ನುತ್ತಾರೆ: ಕುಡಿಯುವುದು, ನಿಲ್ಲಿಸುವುದು, ಮತ್ತೆ ಕುಡಿಯುವುದು ಹೀಗೆ ಸುತ್ತು ನಡೆದಷ್ಟೂ ನರಮಂಡಲ ಹೆಚ್ಚು ಕೆರಳುತ್ತಾ ಹೋಗಿ, ನಿಲ್ಲಿಸಿದಾಗಿನ ತೊಂದರೆ ಹಿಂದಿನದಕ್ಕಿಂತ ತೀವ್ರವಾಗಬಹುದು. ಇದನ್ನು ಓದುತ್ತಿರುವ ಯಾರಾದರೂ ಮತ್ತೆ ನಿತ್ಯದ ಕುಡಿತಕ್ಕೆ ಮರಳಿದ್ದರೆ, ದಯವಿಟ್ಟು ಮನೆಯಲ್ಲೇ ಒಂದೇ ಏಟಿಗೆ ನಿಲ್ಲಿಸಲು ಹೋಗಬೇಡಿ, ವೈದ್ಯರ ನಿಗಾದಲ್ಲಿ ನಿಲ್ಲಿಸಿ.

ಈಗ ಸಪ್ಪೆತನದ ವಿಷಯ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿಯಲ್ಲಿ, ವ್ಯಸನದ ಲಕ್ಷಣಗಳಿಲ್ಲದ 3 ತಿಂಗಳಿನಿಂದ 12 ತಿಂಗಳವರೆಗಿನ ಕಾಲವನ್ನು ಚೇತರಿಕೆಯ ಆರಂಭದ ಹಂತವೆಂದೇ ಎಣಿಸುತ್ತಾರೆ. ವರ್ಷ ದಾಟಿದ ಮೇಲಷ್ಟೇ ಅದನ್ನು ಸ್ಥಿರವಾದ ಚೇತರಿಕೆ ಎನ್ನುತ್ತಾರೆ. ಕುಡಿಯಬೇಕೆಂಬ ತುಡಿತವೊಂದು ಈ ಎರಡೂ ಹಂತಗಳಲ್ಲಿ ಉಳಿದಿರಬಹುದು ಎಂದೂ ಅಲ್ಲಿ ಒಪ್ಪಿಕೊಂಡಿದ್ದಾರೆ. ನೀವು ಬಹಳ ದೂರ ಬಂದೆನೆಂದು ತಿಳಿದಿರುವ ಜಾಗ ವೈದ್ಯರ ಲೆಕ್ಕದಲ್ಲಿ ಇನ್ನೂ ಆರಂಭವೇ. ಇದನ್ನು ನಿಮ್ಮನ್ನು ಕುಗ್ಗಿಸಲು ಹೇಳುತ್ತಿಲ್ಲ. ನನಗೆ ಈ ವಿಷಯ ಗೊತ್ತಾದಾಗ ಎಷ್ಟೋ ನಿರಾಳವಾಗಿತ್ತು, ಏಕೆಂದರೆ ಅಲ್ಲಿಯವರೆಗೆ ನಾನು "ಇಷ್ಟು ಹೊತ್ತಿಗೆ ಸರಿಹೋಗಿರಬೇಕಿತ್ತು" ಎಂದು ನನ್ನನ್ನೇ ಹಳಿದುಕೊಳ್ಳುತ್ತಿದ್ದೆ.

ವರ್ಷಗಟ್ಟಲೆ ಕುಡಿದಾಗ, ಸಂತೋಷದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆ ಮಿದುಳಿನಲ್ಲಿ ಮಂಕಾಗುತ್ತದೆ. ಮದ್ಯದ ಅಬ್ಬರಕ್ಕೆ ಹೊಂದಿಕೊಂಡ ಮಿದುಳಿಗೆ ಮಗುವಿನ ಮಾತು, ಒಳ್ಳೆಯ ಊಟ, ಮುಗಿದ ಕೆಲಸ ಇವೆಲ್ಲ ಬಹಳ ಸಣ್ಣ ದನಿಯಲ್ಲಿ ಕೇಳಿಸುತ್ತವೆ. ಅದು ಸರಿಹೋಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೂ ದಾಟುತ್ತದೆ. ರಕ್ತದ ವರದಿಯ ಸಂತೋಷ ಬೇಗ ಮುಗಿಯುವುದಕ್ಕೂ ಕಾರಣವಿದೆ: ಲಿವರಿನ ಸ್ಥಿತಿ ತೋರಿಸುವ ಜಿಜಿಟಿ ಎಂಬ ಅಂಕಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಕುಡಿತದಿಂದ ಗಾತ್ರ ಹಿಗ್ಗಿದ ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನಗಳಾದ್ದರಿಂದ ಮೂರು ನಾಲ್ಕು ತಿಂಗಳಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದಿರುತ್ತವೆ. ಮಿದುಳಿನ ಚೇತರಿಕೆಯನ್ನು ಹಾಗೆ ತಿಂಗಳಿಗೊಮ್ಮೆ ಅಂಕಿಯಲ್ಲಿ ಬರೆದುಕೊಡುವ ಕಾಗದ ನಮ್ಮ ಕೈಗೆ ಸಿಗುವುದಿಲ್ಲ. ನಿಮ್ಮಲ್ಲಿ ಈಗ ನಡೆಯುತ್ತಿರುವುದು ಆ ಕಾಣದ ಕೆಲಸವೇ.

ಉತ್ಸಾಹ ಮತ್ತೆ ಹುಟ್ಟುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಮೊದಲ ತಿಂಗಳ ಉತ್ಸಾಹ ಮತ್ತೆ ಬರಲಿಲ್ಲ. ಅದು ಭಯದಿಂದ ಹುಟ್ಟಿದ ಉತ್ಸಾಹ. ಭಯ ಇಳಿದಂತೆ ಅದೂ ಇಳಿಯಿತು. ಎರಡನೆಯ ಸಲ ನಾನು ಅದನ್ನು ಕಾಯದೆ, ಮನಸ್ಸು ಯಾವ ಸ್ಥಿತಿಯಲ್ಲಿದ್ದರೂ ನಡೆಯುವಂತೆ ಸಂಜೆಯನ್ನು ಕಟ್ಟಿಕೊಂಡೆ. 6.30ರಿಂದ 8.30ರವರೆಗಿನ ಎರಡು ಗಂಟೆಗಳಲ್ಲಿ ನಾನು ಎಲ್ಲಿರುತ್ತೇನೆ, ಯಾರ ಜೊತೆ ಇರುತ್ತೇನೆ ಎಂಬುದನ್ನು ಬೆಳಿಗ್ಗೆಯೇ ತೀರ್ಮಾನಿಸುತ್ತಿದ್ದೆ. ಸಂಜೆಯ ತೀರ್ಮಾನವನ್ನು ಸಂಜೆಗೆ ಬಿಡುತ್ತಿರಲಿಲ್ಲ.

ಕಿಟಕಿಬೆಳಕು | ಮಂಗಳವಾರ, ಮಧ್ಯಾಹ್ನ 1.30

ನಾನು ಕುಡಿತ ಬಿಟ್ಟವರ ಪತ್ನಿ. "ಯಾರೂ ಏನೂ ಹೇಳುವುದಿಲ್ಲ" ಎಂಬ ಮಾತಿಗೆ ಈ ಕಡೆಯಿಂದ ಉತ್ತರಿಸಬೇಕೆನಿಸಿತು.

ನನ್ನ ಪತಿ ಬಿಟ್ಟು ಒಂದೂವರೆ ವರ್ಷವಾಯಿತು. ಈಗಲೂ ರಾತ್ರಿ ಅವರು ಬರುವ ಹೊತ್ತಿಗೆ ನಾನು ಮಾಡುತ್ತಿರುವ ಕೆಲಸ ನಿಲ್ಲಿಸಿ ಬಾಗಿಲ ಕಡೆ ಕಿವಿಗೊಡುತ್ತೇನೆ. ಬೀಗದ ಕೈ ಮೊದಲ ಸಲಕ್ಕೇ ತೂತಿನೊಳಗೆ ಹೋಯಿತೇ, ಇಲ್ಲ ಎರಡು ಮೂರು ಸಲ ಲೋಹಕ್ಕೆ ಲೋಹ ತಾಗಿದ ಸದ್ದು ಬಂದಿತೇ ಎಂದು ಕೇಳಿಸಿಕೊಳ್ಳುತ್ತೇನೆ. ಒಂದೇ ಸಲಕ್ಕೆ ಹೋದರೆ ಉಸಿರು ಬಿಟ್ಟು ಕೆಲಸ ಮುಂದುವರಿಸುತ್ತೇನೆ. ಅವರಿಗೆ ಇದು ಗೊತ್ತೇ ಇರಲಿಲ್ಲ. ನಾನು ಏನೂ ಹೇಳದಿರುವುದನ್ನು ಅವರು ಉದಾಸೀನವೆಂದು ತಿಳಿದಿದ್ದರು. ಹೊಗಳಿದರೆ ದೃಷ್ಟಿ ತಾಗೀತು, ನೆನಪಿಸಿದರೆ ಕೆಣಕಿದಂತಾದೀತು ಎಂಬ ಹೆದರಿಕೆಯಿಂದ ನಾನು ಸುಮ್ಮನಿದ್ದೆ.

ಕುಡಿಯುವವರ ಕುಟುಂಬದವರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಕೂಟವಿದೆ. ಅದರ ಸಭೆಗೆ ಹೋಗತೊಡಗಿದ ಮೇಲೆಯೇ ನಾನು ಇದನ್ನು ಬಾಯಿಬಿಟ್ಟು ಅವರಿಗೆ ಹೇಳಿದ್ದು. ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ಹೊಸದಾರಿಯವರೇ, ನಿಮ್ಮ ಮನೆಯವರನ್ನು ಒಮ್ಮೆ ಕೇಳಿ ನೋಡಿ. ಹೊಗಳಿಕೆಯನ್ನು ಕೇಳಬೇಡಿ, ಅವರು ಈಗ ರಾತ್ರಿ ಹೇಗೆ ಮಲಗುತ್ತಾರೆ ಎಂದು ಕೇಳಿ.

ನೀಲಿಪುಟ | ಮಂಗಳವಾರ, ಸಂಜೆ 5.50

ನನ್ನ ಸ್ಥಿತಿ ನಿಮ್ಮಿಬ್ಬರಿಗಿಂತಲೂ ಭಿನ್ನವಾದದ್ದು. ನಾನು ಆರು ವರ್ಷ ಯಾರಿಗೂ ಗೊತ್ತಾಗದಂತೆ ಕುಡಿದೆ. ಹೆಣ್ಣು ಕುಡಿಯುತ್ತಾಳೆಂದು ತಿಳಿದರೆ ಜನ ಚಿಕಿತ್ಸೆಯ ಮಾತಿಗಿಂತ ಮೊದಲು ನಡತೆಯ ಮಾತೆತ್ತುತ್ತಾರೆ ಎಂಬ ಹೆದರಿಕೆಯಿಂದ, ಬಿಡುವುದನ್ನೂ ಗುಟ್ಟಾಗಿಯೇ ಬಿಟ್ಟೆ. ಹಾಗಾಗಿ ನೀವು ಈಗ ಕಳೆದುಕೊಂಡೆನೆನ್ನುವ ಮೆಚ್ಚುಗೆ ನನಗೆ ಮೊದಲ ದಿನದಿಂದಲೂ ಇರಲಿಲ್ಲ. ಮೊದಲ ತಿಂಗಳು ಮುಗಿದ ದಿನ ಸ್ನಾನದ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ನನಗೆ ನಾನೇ "ಒಂದು ತಿಂಗಳಾಯಿತು" ಎಂದು ಪಿಸುಗುಟ್ಟಿಕೊಂಡಿದ್ದೆ.

ಎಣಿಕೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ನೂರು ದಿನಗಳಾದ ಮೇಲೆ ನಾನು ದಿನ ಎಣಿಸುವುದನ್ನು ನಿಲ್ಲಿಸಿದೆ. ಸಂಖ್ಯೆ ದೊಡ್ಡದಾದಂತೆ ಅದನ್ನು ಕಾಯುವುದೇ ಒಂದು ಹೊರೆಯಾಗಿತ್ತು. ಬದಲಿಗೆ ಒಂದು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆ: ಹಿಂದೆ ಕುಡಿಯುತ್ತಿದ್ದ ಆ ಹೊತ್ತಿನಲ್ಲಿ ಇವತ್ತು ನಾನು ಮಾಡಿದ್ದೇನು? "ಅಂಗಿಗೆ ಗುಂಡಿ ಹೊಲಿದೆ." "ಅಕ್ಕನ ಜೊತೆ ಫೋನಿನಲ್ಲಿ ಜಗಳವಾಡಿದೆ, ಮತ್ತೆ ನಾನೇ ಫೋನ್ ಮಾಡಿದೆ." "ಏನೂ ಮಾಡಲಿಲ್ಲ, ಗೋಡೆ ನೋಡುತ್ತಾ ಕುಳಿತಿದ್ದೆ." ಏಳೆಂಟು ತಿಂಗಳ ಸುಮಾರಿನ ಪುಟಗಳಲ್ಲಿ ಗೋಡೆ ನೋಡಿದ ದಿನಗಳೇ ಹೆಚ್ಚು. ಹದಿನಾಲ್ಕನೆಯ ತಿಂಗಳಿನಲ್ಲಿ ಹಿಂದಿರುಗಿ ಓದಿದಾಗ ಗೋಡೆ ಯಾವಾಗ ವಿರಳವಾಯಿತೆಂಬುದು ಕಣ್ಣಿಗೆ ಕಂಡಿತು, ಆಗುವಾಗ ಮಾತ್ರ ಅದು ನನಗೆ ಗೊತ್ತೇ ಆಗಿರಲಿಲ್ಲ.

ಅಕ್ಕನಿಗೆ ನಿಜ ಹೇಳಿದ್ದು ಹನ್ನೊಂದನೆಯ ತಿಂಗಳಿನಲ್ಲಿ. ಒಬ್ಬರಿಗಾದರೂ ಗೊತ್ತಿರಬೇಕು ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ.

ಹಳೆಯಮರ | ಮಂಗಳವಾರ, ಸಂಜೆ 6.20

ನೀಲಿಪುಟ ಅವರ ಬರಹವನ್ನು ಎರಡು ಸಲ ಓದಿದೆ. ದಿನಾಂಕವನ್ನು ಪೂರ್ತಿ ಬಿಡುವುದು ಎಲ್ಲರಿಗೂ ಒಗ್ಗುವುದಿಲ್ಲವೆಂದು ಮಾತ್ರ ಹೇಳುತ್ತೇನೆ. ನನಗೆ ಇಂದಿಗೂ ಆ ದಿನಾಂಕ ಬೇಕು. ಆದರೆ ಎಣಿಕೆಯಲ್ಲಿರುವ ಒಂದು ಅಪಾಯವನ್ನು ನಾನೇ ಅನುಭವಿಸಿದ್ದೇನೆ. ಒಂಬತ್ತು ತಿಂಗಳ ಲೆಕ್ಕ ಮುರಿದ ರಾತ್ರಿ "ಎಲ್ಲಾ ಹೋಯಿತು, ಇನ್ನು ಒಂದಾದರೇನು ಹತ್ತಾದರೇನು" ಎನಿಸಿತ್ತು. ಮನಶ್ಶಾಸ್ತ್ರಜ್ಞರಾದ ಅಲನ್ ಮಾರ್ಲಾಟ್ ಮತ್ತು ಜುಡಿತ್ ಗಾರ್ಡನ್ ಅವರು 1980ರ ದಶಕದಲ್ಲಿ ಈ ಮನಃಸ್ಥಿತಿಯನ್ನೇ ಗುರುತಿಸಿ, ಒಂದು ಜಾರುವಿಕೆ ಪೂರ್ತಿ ಕುಡಿತವಾಗಿ ಬೆಳೆಯುವುದರಲ್ಲಿ ಈ ತಪ್ಪಿತಸ್ಥ ಭಾವನೆ ಮತ್ತು ಹತಾಶೆಗಳ ಪಾತ್ರ ದೊಡ್ಡದೆಂದು ವಿವರಿಸಿದರು. ಒಂಬತ್ತು ತಿಂಗಳಲ್ಲಿ ನಾನು ಕಲಿತದ್ದು ಆ ಒಂದು ರಾತ್ರಿಯಲ್ಲಿ ಅಳಿಸಿಹೋಗಿರಲಿಲ್ಲ. ಮರುದಿನ ಬೆಳಿಗ್ಗೆಯೇ ಯಾರಿಗಾದರೂ ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೆಂದು ಈಗಲೂ ನಂಬಿದ್ದೇನೆ.

ಆಪ್ತಸಮಾಲೋಚಕಿ | ಮಂಗಳವಾರ, ರಾತ್ರಿ 8.45

ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡುವವಳಾಗಿ ಎರಡು ಮೂರು ವಿಷಯಗಳನ್ನು ಸೇರಿಸುತ್ತೇನೆ. ಇದು ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ.

ಮೊದಲನೆಯದಾಗಿ, ಏಳನೆಯ ತಿಂಗಳ ಸಪ್ಪೆತನವೆಲ್ಲವೂ ಚೇತರಿಕೆಯ ಸಹಜ ಹಂತವೇ ಆಗಿರಬೇಕಿಲ್ಲ. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಬದುಕಿದ್ದು ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ, ಅದು ಖಿನ್ನತೆಯಿರಬಹುದು. ಖಿನ್ನತೆಗೆ ಚಿಕಿತ್ಸೆಯಿದೆ, ಅದನ್ನು ಮನೋಬಲದಿಂದ ಸಹಿಸಿಕೊಳ್ಳಬೇಕಾಗಿಲ್ಲ. ಹೊಸದಾರಿಯವರು ಈ ವಾರವೇ ವೈದ್ಯರನ್ನು ಕಂಡರೆ ಒಳ್ಳೆಯದು. ಸಾಯುವ ಯೋಚನೆ ಬಂದವರು ಒಂದು ದಿನವೂ ಕಾಯಬಾರದು.

ಎರಡನೆಯದು ಔಷಧಗಳ ಬಗ್ಗೆ. ಮಾತ್ರೆ ಎಂದರೆ ಮೊದಲ ವಾರದ ನಡುಕಕ್ಕೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅಮೆರಿಕದಲ್ಲಿ 1994ರಲ್ಲಿ ಮದ್ಯವ್ಯಸನಕ್ಕೆ ಅನುಮೋದನೆ ಪಡೆದ ನಾಲ್ಟ್ರೆಕ್ಸೋನ್ ಮತ್ತು 2004ರಲ್ಲಿ ಅನುಮೋದನೆ ಪಡೆದ ಅಕಾಂಪ್ರೊಸೇಟ್, ಇವೆರಡೂ ಕುಡಿತ ಬಿಟ್ಟ ನಂತರದ ತಿಂಗಳುಗಳಲ್ಲಿ ನೆರವಾಗುವ ಔಷಧಗಳು. ಲಿವರ್, ಕಿಡ್ನಿಗಳ ಸ್ಥಿತಿ ಮತ್ತು ಬೇರೆ ಔಷಧಗಳನ್ನು ನೋಡಿ ಯಾವುದು ಸೂಕ್ತವೆಂದು ವೈದ್ಯರು ನಿರ್ಧರಿಸುತ್ತಾರೆ. ಅಫೀಮು ವರ್ಗದ ನೋವುನಿವಾರಕ ತೆಗೆದುಕೊಳ್ಳುತ್ತಿರುವವರಿಗೆ ನಾಲ್ಟ್ರೆಕ್ಸೋನ್ ಕೊಡುವಂತಿಲ್ಲ. ಇನ್ನು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಅದನ್ನು ತೆಗೆದುಕೊಂಡು ಕುಡಿದರೆ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ಶೇಖರವಾಗಿ ತೀವ್ರ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ, ಜೀವಕ್ಕೂ ಅಪಾಯವಾಗಬಹುದು. ಒಳ್ಳೆಯ ಉದ್ದೇಶದಿಂದಲೇ ಆದರೂ ಅದನ್ನು ಯಾರ ಊಟದಲ್ಲೂ ಅವರಿಗೆ ತಿಳಿಯದಂತೆ ಬೆರೆಸಬೇಡಿ.

ತುಡಿತ ಎದ್ದಾಗ ಅದರೊಡನೆ ಹೋರಾಡುವ ಬದಲು ಅದನ್ನು ಗಮನಿಸುವ ಅಭ್ಯಾಸವನ್ನೂ ನಾವು ಕಲಿಸುತ್ತೇವೆ. ಅದು ದೇಹದಲ್ಲಿ ಎಲ್ಲಿದೆ, ಗಂಟಲಿನಲ್ಲೇ, ಎದೆಯಲ್ಲೇ, ಬೆರಳಿನಲ್ಲೇ ಎಂದು ನೋಡುತ್ತಾ ಕುಳಿತರೆ ಅದು ಅಲೆಯಂತೆ ಏರಿ, ಒಂದು ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಹೊಸದಾರಿಯವರು ತಮ್ಮ ಹೆಬ್ಬೆರಳನ್ನು ಗಮನಿಸಿದ್ದೂ ಒಂದು ರೀತಿಯಲ್ಲಿ ಇದೇ. ತುಡಿತವನ್ನು ಸಾಮಾನ್ಯವಾಗಿ ಎಬ್ಬಿಸುವ ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಆ ಗುರುವಾರ ನಿಮಗೆ ಯಾವುದಿತ್ತು ಎಂದು ಒಮ್ಮೆ ನೆನಪಿಸಿಕೊಳ್ಳಿ.

ಹೊಸದಾರಿ | ಬುಧವಾರ, ಬೆಳಿಗ್ಗೆ 7.10

ನಾಲ್ಕರಲ್ಲಿ ಮೂರು ಇದ್ದವು. ಮಧ್ಯಾಹ್ನದ ಊಟ ತಪ್ಪಿತ್ತು, ಹಿಂದಿನ ರಾತ್ರಿ ನಿದ್ದೆಯಾಗಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಇಡೀ ಸಂಜೆಯನ್ನು ನನ್ನ ಮನೋಬಲದ ಪರೀಕ್ಷೆಯೆಂದು ತಿಳಿದಿದ್ದೆ.

ಕಿಟಕಿಬೆಳಕು ಅವರು ಹೇಳಿದಂತೆ ರಾತ್ರಿ ಹೆಂಡತಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮಲಗುವ ಮುನ್ನ ನನ್ನ ಕೋಟಿನ ಜೇಬು ಮುಟ್ಟಿ ನೋಡುವುದನ್ನು ಎರಡು ತಿಂಗಳ ಹಿಂದೆಯಷ್ಟೇ ನಿಲ್ಲಿಸಿದೆ ಎಂದಳು. ಅವಳು ಐದು ತಿಂಗಳು ಹಾಗೆ ನೋಡುತ್ತಿದ್ದಳೆಂಬುದು ನನಗೆ ತಿಳಿದಿರಲಿಲ್ಲ.

ಹಳೆಯಮರ ಅವರಲ್ಲಿ ಒಂದು ಪ್ರಶ್ನೆ. ನಾನು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಸ್ವಸಹಾಯ ಕೂಟ) ಸಭೆಗಳಿಗೆ ಹೋಗುವುದನ್ನು ನಾಲ್ಕನೆಯ ತಿಂಗಳಿನಲ್ಲಿ ನಿಲ್ಲಿಸಿದೆ. ಹೊಸದಾಗಿ ಬಂದವರು ಅದದೇ ಕಥೆ ಹೇಳುತ್ತಾರೆ, ನಾನು ಕಲಿಯುವುದು ಮುಗಿಯಿತು ಎನಿಸಿತ್ತು. ಈಗ ಮತ್ತೆ ಹೋಗುವುದರಿಂದ ಪ್ರಯೋಜನವಿದೆಯೇ?

ಹಳೆಯಮರ | ಬುಧವಾರ, ಸಂಜೆ 6.15

ಇದೆ. ಆ ಕೂಟ ಹುಟ್ಟಿದ ಬಗೆಯನ್ನು ನೆನಪಿಸಿದರೆ ಏಕೆಂದು ತಿಳಿಯುತ್ತದೆ. ಬಿಲ್ ವಿಲ್ಸನ್ ಎಂಬವರು 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟವರು. 1935ರ ಮೇ ತಿಂಗಳಿನಲ್ಲಿ ಅಮೆರಿಕದ ಏಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಹೋಗಿದ್ದರು, ವ್ಯವಹಾರ ಕೈಗೂಡಲಿಲ್ಲ. ಹೋಟೆಲಿನ ಹಜಾರದಲ್ಲಿ ಒಂಟಿಯಾಗಿ ನಿಂತಾಗ ಬಾರಿನ ಕಡೆ ಮನಸ್ಸು ಎಳೆಯಿತು. ಆಗ ಅವರು ಬಿಟ್ಟು ಸುಮಾರು ಐದು ತಿಂಗಳಾಗಿತ್ತು, ಅಂದರೆ ಹೆಚ್ಚುಕಡಿಮೆ ನಿಮ್ಮದೇ ಹಂತ. ಆ ಹೊತ್ತಿನಲ್ಲಿ ಅವರು ಹುಡುಕಿದ್ದು, ತಾವು ಸಹಾಯ ಮಾಡಬಹುದಾದ ಇನ್ನೊಬ್ಬ ಕುಡುಕನನ್ನು. ಹಲವು ಫೋನ್ ಕರೆಗಳ ನಂತರ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರು. ಬಾಬ್ ಕೊನೆಯ ಸಲ ಕುಡಿದದ್ದು ಜೂನ್ 10ರಂದು ಎಂದು ಆ ಕೂಟದವರು ನಂಬುತ್ತಾರೆ, ಅದೇ ದಿನವನ್ನು ಸಂಸ್ಥೆಯ ಆರಂಭದ ದಿನವೆಂದೂ ಎಣಿಸುತ್ತಾರೆ.

ಅಲ್ಲಿ ಬಿಲ್ ಕಲಿಯಲು ಹೋಗಿರಲಿಲ್ಲ, ತನ್ನನ್ನು ಉಳಿಸಿಕೊಳ್ಳಲು ಹೋಗಿದ್ದರು. ನಿಮಗೆ ಅದದೇ ಎನಿಸುವ ಕಥೆಯನ್ನು ಹೇಳುವವನು ಅದನ್ನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳುತ್ತಿರುತ್ತಾನೆ. ಎದುರಿಗೆ ಏಳು ತಿಂಗಳಾದವನೊಬ್ಬ ಕುಳಿತಿದ್ದರೆ ಅವನಿಗೆ ಹನ್ನೊಂದು ವರ್ಷದ ನನಗಿಂತ ನೀವೇ ಹತ್ತಿರದವರು. ನನ್ನದು ಅವನಿಗೆ ನಿಲುಕದ ದೂರ. ಎ.ಎ.ಯ ದೇವರ ಮಾತು ಹಿಡಿಸದವರು ಬೇರೆ ರೀತಿಯ ಸ್ವಸಹಾಯ ಕೂಟಗಳಿಗೆ ಹೋಗಬಹುದು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ವಾರಕ್ಕೊಮ್ಮೆಯಾದರೂ ನಿಮ್ಮ ಸ್ಥಿತಿ ಬಲ್ಲವರ ಮುಖ ನೋಡುವಂತಿರಬೇಕು.

ಹೊಸದಾರಿ | ಎರಡು ವಾರಗಳ ನಂತರ, ಭಾನುವಾರ, ರಾತ್ರಿ 9.05

ವೈದ್ಯರನ್ನು ಕಂಡೆ. ಸೌಮ್ಯ ಪ್ರಮಾಣದ ಖಿನ್ನತೆಯಿದೆಯೆಂದರು, ಸಮಾಲೋಚನೆ ಆರಂಭವಾಗಿದೆ. ಲೋಟವನ್ನು ಹೊರಗೆ ಹಾಕಿದ್ದೇನೆ. ಕುರ್ಚಿ ಈಗ ಮಗಳ ಓದುವ ಮೇಜಿನ ಬಳಿಯಿದೆ, ಸಂಜೆ ನಾನು ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತಿರುತ್ತೇನೆ. ಸಪ್ಪೆತನ ಹೋಗಿಲ್ಲ. ಆದರೆ ಅದನ್ನು ನನ್ನ ಸೋಲೆಂದು ತಿಳಿಯುವುದು ಹೋಗಿದೆ, ಸಂಜೆಗಳು ಅಷ್ಟರಮಟ್ಟಿಗೆ ಹಗುರವಾಗಿವೆ.

ಇಂದು ಸಭೆಗೆ ಹೋಗಿದ್ದೆ. ಬಿಟ್ಟು ಒಂಬತ್ತು ದಿನವಾದವರೊಬ್ಬರು ಬಂದಿದ್ದರು. ನೀರಿನ ಲೋಟವನ್ನು ಎರಡೂ ಕೈಗಳಿಂದ ಹಿಡಿದಿದ್ದರು, ಆದರೂ ತುಳುಕುತ್ತಿತ್ತು. ಕೆಳಗಿನಿಂದ ಒಂದು ಕೈಯಿಟ್ಟು ಹಿಡಿದುಕೊಂಡೆ.

ಸಂಜೆಗಾಳಿ | ಭಾನುವಾರ, ರಾತ್ರಿ 9.30

ಇಷ್ಟು ದಿನ ಬರೀ ಓದುತ್ತಿದ್ದೆ. ನನಗೂ ಕಷ್ಟವಾಗುವುದು 7 ಗಂಟೆಯ ಹೊತ್ತಿಗೇ, ನನ್ನ ವಿಷಯ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲ. ನಾಳೆಯಿಂದ ದಿನವೂ 6.45ಕ್ಕೆ ಇಲ್ಲಿ ಒಂದು ಸಾಲು ಬರೆಯಲೇ? ಉತ್ತರ ಬೇಕೆಂದಿಲ್ಲ.

ಹೊಸದಾರಿ | ಭಾನುವಾರ, ರಾತ್ರಿ 9.34

ಬರೆಯಿರಿ. 6.45ಕ್ಕೆ ನಾನು ಇಲ್ಲಿರುತ್ತೇನೆ.